ಆರ್.ಎಚ್. ಕ್ಯಾಂಪಿನ ಒಂದು ರಾತ್ರಿ ಕಲಿಸಿದ ಪಾಠಗಳು

ನಮ್ಮ ಸಿಂಧನೂರು ಕಡೆ ಹಾಸ್ಯ ಕಾರ್ಯಕ್ರಮ ಅಂದರೆ ದೊಡ್ಡ ಪೆಂಡಾಲು, ಜಾತ್ರೆಯಷ್ಟು ಜನ, ವೇದಿಕೆ ಮೇಲೆ ಗಂಗಾವತಿ ಪ್ರಾಣೇಶರಂಥವರು. ಸಣ್ಣ ಕೋಣೆಯಲ್ಲಿ ಒಬ್ಬರೇ ನಿಂತು ಮಾತಾಡುವ, ಬೆಂಗಳೂರಿನ ಹುಡುಗರು ಸ್ಟ್ಯಾಂಡ್‌ಅಪ್ ಅನ್ನುವ ಬಗೆ ನಮಗೆ ಹೊಸದು. 2024ರ ಆಗಸ್ಟ್ 15ರ ರಾತ್ರಿ, ಬಂಗಾಳಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನಲ್ಲಿ, ಯುವಕರ ಕ್ಲಬ್ಬಿನ ತಗಡಿನ ಶೆಡ್ಡಿನೊಳಗೆ ನಾನು ಅದಕ್ಕೆ ಕೈಹಾಕಿದೆ. ಈಗ ಮೈಕ್ ಹಿಡಿಯಲು ಹೊರಟಿರುವ ಹುಡುಗರಿಗೆ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

1. ಕೇಳಿ ಕಲಿತ ಜೋಕು ನಿಮ್ಮದಾಗುವುದಿಲ್ಲ

ಪ್ರಾಣೇಶರು ಹಾಸ್ಯ ಸಾಹಿತಿ ಬೀಚಿಯವರನ್ನು ಓದಿ ಬೆಳೆದವರು, ನಾನು ಪ್ರಾಣೇಶರ ಕ್ಯಾಸೆಟ್ ಕೇಳಿ ಬೆಳೆದವನು. ಶುರುವಿನಲ್ಲೇ ಅವರ ಧಾಟಿ ಹಿಡಿದೆ. ಜೋಕಿನ ಕೊನೆಯ ಮಾತನ್ನು ನನಗಿಂತ ಮೊದಲೇ ಮೂರನೇ ಸಾಲಿನ ಹುಡುಗನೊಬ್ಬ ಹೇಳಿಬಿಟ್ಟ. ಬೀಚಿಯವರ ಋಣವನ್ನು ಪ್ರಾಣೇಶರು ವೇದಿಕೆಯಲ್ಲಿ ಹೆಸರು ಹಿಡಿದೇ ನೆನೆಯುತ್ತಾರೆ. ಆ ಗುಣವನ್ನು ಬಿಟ್ಟು ಧಾಟಿಯನ್ನಷ್ಟೇ ನಾನು ಎತ್ತಿಕೊಂಡಿದ್ದೆ.

2. ಆ ವಾರ ಆ ಊರಿಗೆ ಏನಾಗಿದೆ ಎಂದು ಕೇಳಿಕೊಳ್ಳಿ

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಗಿತ್ತು. ನಾನು ಮಾತಿಗೆ ನಿಂತಾಗಲೂ ತುಂಬಿದ್ದ ಡ್ಯಾಮಿನ ನೀರು ನದಿಗೆ ಹರಿದುಹೋಗುತ್ತಲೇ ಇತ್ತು. ಆ ಚೈನನ್ನು ನಮ್ಮ ಹಳ್ಳಿ ಬಸ್ಸಿನ ಬಾಗಿಲಿಗೆ ಕಟ್ಟುವ ಹಗ್ಗದ ಜೊತೆ ಜೋಡಿಸಿ ಒಂದು ಜೋಕು ಮಾಡಿಕೊಂಡಿದ್ದೆ. ಪೇಟೆಯ ಗೆಳೆಯರು ಕೇಳಿ ನಕ್ಕಿದ್ದರು. ಇಲ್ಲಿ ಕೂತವರು ಅದೇ ಡ್ಯಾಮಿನ ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ಬೆಳೆಯುವವರು. ಯಾರೂ ನಗಲಿಲ್ಲ.

ಮುಂದೆ ಕೂತಿದ್ದ ಹಿರಿಯರು ಸಿಟ್ಟಿಲ್ಲದೆ ಕೇಳಿದರು: “ನಾಟಿ ಈಗ ಮುಗಿದೈತ್ರೀ ಸರ. ನೀರು ನಿಂತ್ರ ಹೆಂಗ?” ನನ್ನ ಬಳಿ ಉತ್ತರವಿರಲಿಲ್ಲ. “ಗೊತ್ತಿಲ್ಲ ಕಾಕಾ, ನೀವೇ ಹೇಳ್ರಿ” ಎಂದು ಮೈಕನ್ನು ಅವರ ಮುಂದೆ ಹಿಡಿದೆ. ಚಹಾದಂಗಡಿಯಲ್ಲಿ ಎಲ್ಲರೂ ಮೊಬೈಲಿನಲ್ಲಿ ಡ್ಯಾಮಿನ ಲೆವೆಲ್ ನೋಡುವುದನ್ನು ಅವರು ವರ್ಣಿಸಿದರು. “ಮಗನಿಗೆ ಜ್ವರ ಬಂದಾಗ ಸುದ್ದಾ ಇಷ್ಟು ಸಲ ನೋಡಿದ್ದಿಲ್ಲ” ಅಂದದ್ದೇ ತಡ, ಇಡೀ ಶೆಡ್ಡು ನಕ್ಕಿತು. ಆ ರಾತ್ರಿಯ ಮೊದಲ ನಿಜವಾದ ನಗು ಅವರದು. ಸಂಕಟವನ್ನು ಹೊತ್ತವರೇ ಅದರ ಗಂಟು ಬಿಚ್ಚಬೇಕು, ಅಲ್ಲಿಯವರೆಗೆ ನಾವು ಕಾಯಬೇಕು. ಈಗ ಯಾವ ಊರಿಗೆ ಹೋದರೂ ಮೊದಲೇ ಹೋಗಿ ಚಹಾದಂಗಡಿಯಲ್ಲಿ ಕೂರುತ್ತೇನೆ. ಕಾಲುವೆಗೆ ನೀರು ಬಿಟ್ಟಿದ್ದಾರೆಯೇ, ಭತ್ತದ ರೇಟು ಎಷ್ಟಿದೆ, ಯಾರ ಮನೆಯಲ್ಲಾದರೂ ಸಾವಾಗಿದೆಯೇ, ಇಷ್ಟು ತಿಳಿದುಕೊಂಡೇ ವೇದಿಕೆ ಹತ್ತುವುದು.

3. ಖುರ್ಚಿ ಹತ್ತಿರ ಹಾಕಿಸಿ

ಬೆಂಗಳೂರಿನ ಕಾಮಿಡಿ ಕ್ಲಬ್ಬುಗಳಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸುತ್ತಾರೆ. ಪಕ್ಕದವರು ನಕ್ಕರೆ ನಮಗೂ ನಗು ಬರುತ್ತದೆ. ನಮ್ಮ ಶೆಡ್ಡಿನಲ್ಲಿ ಗಣ್ಯರಿಗೆಂದು ಮುಂದಿನ ಸಾಲು ಖಾಲಿ ಬಿಟ್ಟಿದ್ದರು, ಹಿಂದೆ ಹೆಂಗಸರು ದೂರ ಕೂತಿದ್ದರು. ಖಾಲಿ ಖುರ್ಚಿಗಳನ್ನು ತೆಗೆಸಿ ಎಲ್ಲರನ್ನೂ ಮುಂದೆ ಕರೆದ ಮೇಲೆಯೇ ಆ ಕಾಕಾ ನನ್ನೆದುರು ಬಂದು ಕೂತದ್ದು.

4. ಇನ್ನೊಬ್ಬರ ಉಚ್ಚಾರವನ್ನು ಅಣಕಿಸಬೇಡಿ

ಇದನ್ನು ಬರೆಯುವಾಗ ಈಗಲೂ ಮನಸ್ಸು ಕಸಿವಿಸಿಯಾಗುತ್ತದೆ. ಇಲ್ಲಿನ ಬಂಗಾಳಿ ಕುಟುಂಬಗಳು ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು, ಸರ್ಕಾರ ಕೊಟ್ಟ ನೆಲದಲ್ಲಿ ಬದುಕು ಕಟ್ಟಿಕೊಂಡವು. ಹಿರಿಯರು ಕನ್ನಡ ಕಲಿತದ್ದು ಹೊಲದಲ್ಲಿ, ಸಂತೆಯಲ್ಲಿ. ಅವರ ಕನ್ನಡವನ್ನು ನಾನು ಅಣಕಿಸಿದೆ. ಹುಡುಗರು ಒಂದಿಷ್ಟು ನಕ್ಕು, ತಕ್ಷಣ ತಿರುಗಿ ತಮ್ಮ ಅಜ್ಜಿಯರ ಮುಖ ನೋಡಿದರು. ಅಜ್ಜಿಯರು ತಲೆ ತಗ್ಗಿಸಿದ್ದರು. ಅಲ್ಲಿಗೇ ನಿಲ್ಲಿಸಿ ಕ್ಷಮೆ ಕೇಳಿದೆ.

ನನ್ನ ನಂತರ ಕ್ಯಾಂಪಿನದೇ ಹುಡುಗ ಎದ್ದ. ತನ್ನ ಬಂಗಾಳಿ ಹೆಸರು ಶಾಲೆಯ ಹಾಜರಿಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಗೊಬ್ಬರದಂಗಡಿಯ ಉದ್ರಿ ಪುಸ್ತಕದಲ್ಲಿ ಮತ್ತೊಂದು ಆದ ಕಥೆಯನ್ನು ಅಚ್ಚ ಸಿಂಧನೂರು ಕನ್ನಡದಲ್ಲಿ ಹೇಳಿದ. ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು, ನಾನೂ ನಕ್ಕೆ. ಅವನ ಜೋಕಿನೊಳಗೆ ನನ್ನಂಥ ಕನ್ನಡಿಗರೇ ಇದ್ದೆವು, ಆದರೂ ಎಲ್ಲೂ ಚುಚ್ಚಲಿಲ್ಲ.

5. ಫೋನ್ ನಂಬರ್ ಕೊಟ್ಟು ಬನ್ನಿ

ಎಲ್ಲಿ ನೀರಸವಾಯಿತು ಎಂದು ನೇರವಾಗಿ ಹೇಳುವವರು ಊರಿಗೊಬ್ಬರಾದರೂ ಇರುತ್ತಾರೆ. ಅವರನ್ನು ಕಳೆದುಕೊಳ್ಳಬೇಡಿ. ಆಗಸ್ಟ್ 17ರ ಹೊತ್ತಿಗೆ ಡ್ಯಾಮಿನಲ್ಲಿ ತಾತ್ಕಾಲಿಕ ಗೇಟಾಗಿ ಸ್ಟಾಪ್‌ಲಾಗ್ ಕೂರಿಸಿ ನೀರು ತಡೆದರು. ಆಗ, ನಾನು ನಂಬರ್ ಕೊಟ್ಟು ಬಂದಿದ್ದ ಆ ಕಾಕಾ ಫೋನ್ ಮಾಡಿದರು: “ಗೇಟು ಕೂತಿತ್ರೀ ಸರ. ಈಗ ಹೇಳ್ರಿ, ಆ ಬಸ್ಸಿನ ಹಗ್ಗದ್ದೇನದು?”