ಎಣಿಸಲು ಬರುವ ಸದ್ದು

ಡೆಸ್ಕ್‌ಟಾಪ್ ಕಂಪ್ಯೂಟರಿನ ಪೆಟ್ಟಿಗೆಯನ್ನು, ಎಂದರೆ ಜನರು ರೂಢಿಯಲ್ಲಿ ಸಿಪಿಯು ಎಂದೇ ಕರೆಯುವ ಕ್ಯಾಬಿನೆಟ್ಟನ್ನು ಬಿಚ್ಚಿ ನೋಡಿದರೆ, ಅದರೊಳಗೆ ಚಲಿಸುವ ಭಾಗಗಳು ಬೆರಳೆಣಿಕೆಯಷ್ಟೇ ಇರುತ್ತವೆ: ಪ್ರೊಸೆಸರಿನ ಮೇಲೆ ಕುಳಿತ ಫ್ಯಾನು, ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ಒಗ್ಗುವ ಕಡಿಮೆ ವೋಲ್ಟಿಗೆ ಇಳಿಸಿಕೊಡುವ ಎಸ್‌ಎಂಪಿಎಸ್‌ನ ಫ್ಯಾನು, ಹಿಂಬದಿಯಿಂದ ಬಿಸಿಗಾಳಿಯನ್ನು ಹೊರದೂಡುವ ಫ್ಯಾನು, ಕಡತಗಳನ್ನು ಹಿಡಿದಿಡುವ ಹಾರ್ಡ್ ಡಿಸ್ಕು, ಹಳೆಯ ಯಂತ್ರವಾದರೆ ಒಂದು ಸಿಡಿ ಡ್ರೈವು. ಹೀಗಿದ್ದೂ ವಿಚಿತ್ರ ಸದ್ದಿನ ಮೂಲವನ್ನು ಹುಡುಕುವಲ್ಲಿ ಅನುಭವಿಗಳೂ ಎಡವುತ್ತಾರೆ. ಏಕೆಂದರೆ ತೆಳು ತಗಡಿನ ಪೆಟ್ಟಿಗೆ ಯಾವ ಮೂಲೆಯ ಕಂಪನವನ್ನಾದರೂ ಮೈತುಂಬ ಹಬ್ಬಿಸಿಕೊಂಡು ತಾನೇ ದನಿಗೈಯುವುದರಿಂದ, ಸದ್ದು ಹುಟ್ಟುವ ಜಾಗ ಒಂದಾದರೆ ಕಿವಿಗೆ ಕೇಳಿಸುವ ಜಾಗ ಇನ್ನೊಂದಾಗಿರುತ್ತದೆ. ಪಶ್ಚಿಮ ಬೆಂಗಳೂರಿನ ಹೊಸಹಳ್ಳಿಯ ಮನೆಯೊಂದರಲ್ಲಿ ಕನ್ನಡ ಡಿಟಿಪಿ ಕೆಲಸಕ್ಕೆ, ಎಂದರೆ ಲಗ್ನಪತ್ರಿಕೆ, ಪುಸ್ತಕ ಮುಂತಾದವುಗಳ ಪುಟಗಳನ್ನು ಅಚ್ಚಿಗೆ ಮುನ್ನ ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸಕ್ಕೆ, ಹಲವು ವರ್ಷ ದುಡಿದ ಯಂತ್ರದ ವಿಷಯದಲ್ಲಿ ಈ ತಪ್ಪು ಎರಡು ಸಲ, ಒಂದಕ್ಕೊಂದು ತದ್ವಿರುದ್ಧವಾಗಿ ನಡೆಯಿತು. ಇಲ್ಲಿನ ವಿವೇಚನೆಗೆ ಆ ಅನುಭವವೇ ಆಧಾರ.

ಪರೀಕ್ಷೆಯ ಮೊದಲ ಹೆಜ್ಜೆ ಸದ್ದಿಗೊಂದು ಸರಿಯಾದ ಮಾತು ಹುಡುಕುವುದು. ಕೇಳಿದ ದನಿಯನ್ನೇ ಅಕ್ಷರಕ್ಕಿಳಿಸಿದ ಪದಗಳನ್ನು ಕನ್ನಡ ವ್ಯಾಕರಣವು ಅನುಕರಣಾವ್ಯಯಗಳೆಂದು ಕರೆಯುತ್ತದೆ. ಈ ಪದಗಳ ಸಂಪತ್ತು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ರಿಪೇರಿಯವರಿಗೆ ಫೋನಿನಲ್ಲಿ "ಸೌಂಡ್ ಬರ್ತಿದೆ" ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. 'ಗೊರಗೊರ' ಎಂದರೆ ಒಣಗಿದ ಬೇರಿಂಗಿನ ಕಡೆಗೂ, 'ಗುಂಯ್' ಎಂದರೆ ವೇಗ ಹೆಚ್ಚಿದ ಫ್ಯಾನಿನ ಅಥವಾ ಸ್ಕ್ರೂ ಸಡಿಲವಾದ ತಗಡಿನ ಕಡೆಗೂ, 'ಟಕ್ ಟಕ್' ಎಂದರೆ ಬೇರೆಯೇ ಗಂಭೀರ ಸಂಗತಿಯ ಕಡೆಗೂ ಅವರ ಗಮನ ಹೋಗುತ್ತದೆ. ಸದ್ದು ಎಂಥದ್ದು ಎಂಬುದರ ಜೊತೆಗೆ ಅದು ಯಾವಾಗ ಬರುತ್ತದೆ ಎಂಬುದನ್ನೂ ಹೇಳಿದರೆ ಅರ್ಧ ರೋಗ ತಿಳಿದಂತೆಯೇ. ಬೆಳಿಗ್ಗೆ ಯಂತ್ರ ಹಚ್ಚಿದೊಡನೆ ಬಂದು ಹತ್ತು ನಿಮಿಷದಲ್ಲಿ ಅಡಗುವ ಸದ್ದು, ಭಾರದ ಕೆಲಸ ಕೊಟ್ಟಾಗ ಏರುವ ಸದ್ದು, ಕಡತ ತೆರೆದಾಗ ಮಾತ್ರ ಕೇಳುವ ಸದ್ದು, ಇವು ಮೂರೂ ಮೂರು ಬೇರೆ ಭಾಗಗಳವು.

ಆ ಮನೆಯ ಯಂತ್ರದಲ್ಲಿ ಮೊದಲು ಕಾಣಿಸಿಕೊಂಡದ್ದು ಬೆಳಗಿನ ಗೊರಗೊರ. ನೋಡಲು ಬಂದ ರಿಪೇರಿಯವರು ಹಾರ್ಡ್ ಡಿಸ್ಕು ಹೋಗುವ ಸೂಚನೆಯೆಂದು ಹೇಳಿದರು, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ ಹೊಸ ಡಿಸ್ಕು ತಂದು ಜೋಡಿಸಿ, ಹಳೆಯದನ್ನು ಎರಡನೆಯದಾಗಿ ಒಳಗೇ ಬಿಡಲಾಯಿತು. ಮರುದಿನ ಬೆಳಿಗ್ಗೆ ಅದೇ ಗೊರಗೊರ ಮತ್ತೆ ಬಂತು. ಕೊನೆಗೆ ಪತ್ತೆಯಾದದ್ದು ಹಿಂಬದಿಯ ಫ್ಯಾನಿನ ಬುಷ್. ಅಗ್ಗದ ಫ್ಯಾನುಗಳಲ್ಲಿ ತಿರುಗುವ ಕಡ್ಡಿಯನ್ನು ಗುಂಡುಗಳ ಬದಲು ಎಣ್ಣೆ ಹೀರಿದ ಒಂದು ಕೊಳವೆ ಹಿಡಿದಿರುತ್ತದೆ, ಅದೇ ಬುಷ್. ಮಾಗಡಿ ರಸ್ತೆಯುದ್ದಕ್ಕೂ, ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಲ್ಲಿ ಲೇತ್ ಮತ್ತು ಮೋಟರುಗಳ ನಡುವೆ ಬದುಕುವವರಿಗೆ "ಬುಷ್ ಹೋಗಿದೆ" ಎಂಬ ಮಾತು ಹೊಸದಲ್ಲ. ಅಂಥವರಲ್ಲಿ ಯಾರನ್ನು ಕರೆದು ಕೇಳಿಸಿದ್ದರೂ ಹೊಸ ಡಿಸ್ಕಿನ ಖರ್ಚು ಉಳಿಯುತ್ತಿತ್ತು. ಎಣ್ಣೆ ಒಣಗಿದಾಗ ಕಡ್ಡಿ ಬುಷ್‌ಗೆ ಉಜ್ಜಿ ಗೊರಗುಟ್ಟುತ್ತದೆ, ಸ್ವಲ್ಪ ಬಿಸಿಯಾದ ಮೇಲೆ ಉಳಿದ ಎಣ್ಣೆ ತೆಳುವಾಗಿ ಸದ್ದು ಅಡಗುತ್ತದೆ. ನಡುವಿನ ಸ್ಟಿಕ್ಕರನ್ನು ಎತ್ತಿ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಬಿಟ್ಟರೆ ಕೆಲವು ತಿಂಗಳು ನಡೆಯುತ್ತದೆ. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಬಿಡುವುದು ತಪ್ಪು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದರಿಂದ, ಡಿಸೆಂಬರಿನ ಬೆಂಗಳೂರಿನಲ್ಲಿ ಫ್ಯಾನು ಬೆಳಿಗ್ಗೆ ತಿರುಗಲೇ ಒಲ್ಲದು.

ಬುಷ್ ಇಷ್ಟು ಬೇಗ ಸವೆಯಲು ಧೂಳು ಕಾರಣ. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಮೆಟ್ರೊ ಮಾರ್ಗ 2015ರ ನವೆಂಬರ್ 16ರಂದು ತೆರೆಯುವ ಮುನ್ನ, ಹೊಸಹಳ್ಳಿ ನಿಲ್ದಾಣದ ಸುತ್ತ ಕಾಮಗಾರಿ ನಡೆದ ವರ್ಷಗಳಲ್ಲಿ, ಕಿಟಕಿ ಮುಚ್ಚಿದರೂ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂರುತ್ತಿತ್ತು; ಅದೇ ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆಯ ಮೇಲೆ 12.5 ಕಿಲೋಮೀಟರಿನ ಇನ್ನೊಂದು ಮಾರ್ಗಕ್ಕೆ 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆತಿರುವುದರಿಂದ, ಈ ಭಾಗದ ಯಂತ್ರಗಳಿಗೆ ಧೂಳಿನ ಮಾತು ಹಳೆಯದಾಗುವಂತಿಲ್ಲ. ಬರಿಯ ಧೂಳನ್ನು ಬ್ಲೋಯರಿನಿಂದ ಊದಿ ತೆಗೆಯಬಹುದು. ಆದರೆ ಅಡುಗೆಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಒಗ್ಗರಣೆಯ ಹೊಗೆಯೊಡನೆ ಸೇರಿದ ಧೂಳು, ಪ್ರೊಸೆಸರಿನ ಬಿಸಿಯನ್ನು ಹೀರುವ ಲೋಹದ ಹೀಟ್‌ಸಿಂಕಿನ ಸಂದುಗಳಲ್ಲಿ ಕಂಬಳಿಯಂತೆ ಅಂಟಿಕೊಳ್ಳುತ್ತದೆ. ಬಿಸಿ ಹೊರಹೋಗದೆ ಫ್ಯಾನು ವೇಗ ಹೆಚ್ಚಿಸಿ ಗುಂಯ್‌ಗುಡುತ್ತದೆ. ಆಯುಧಪೂಜೆಯ ಹಿಂದಿನ ದಿನ ವಾಹನ ತೊಳೆಯುವವರು ಅದೇ ಶ್ರದ್ಧೆಯಿಂದ ಕ್ಯಾಬಿನೆಟ್ಟಿನ ಮುಚ್ಚಳವನ್ನೂ ತೆಗೆದರೆ ವರ್ಷಕ್ಕೊಂದು ಶುಚಿ ತಪ್ಪದೆ ಆಗುತ್ತದೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಗಾಳಿಯ ರಭಸಕ್ಕೆ ಅತಿವೇಗದಲ್ಲಿ ತಿರುಗಿ ಬೇರಿಂಗು ಹಾಳಾಗುತ್ತದೆ.

ಸದ್ದಿನ ಜಾಗ ಗುರುತಿಸಲು ಸುರುಳಿ ಸುತ್ತಿದ ಕಾಗದದಷ್ಟು ಸರಳ ಸಾಧನ ಬೇರೊಂದಿಲ್ಲ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ರೋಗಿಯ ಎದೆಬಡಿತ ಕೇಳಲು ಕಾಗದದ ಸುರುಳಿಯನ್ನು ಬಳಸಿದ್ದರಿಂದಲೇ ಸ್ಟೆತಾಸ್ಕೋಪು ಹುಟ್ಟಿತು. ಅದೇ ಸುರುಳಿಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಒಂದೊಂದೇ ಭಾಗದ ಸಮೀಪಕ್ಕೂ ಹಿಡಿದರೆ ತಗಡಿನ ಮೋಸ ಬಹುಮಟ್ಟಿಗೆ ನೀಗುತ್ತದೆ. ಅನುಮಾನ ಬಂದ ಫ್ಯಾನಿನ ವೈರನ್ನು ಯಂತ್ರ ಆಫ್ ಮಾಡಿ ಕಳಚಿ, ಮತ್ತೆ ಅರ್ಧ ನಿಮಿಷ ಮಾತ್ರ ನಡೆಸಿ ಕೇಳಬಹುದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಬಿಚ್ಚಬಾರದು; ಅದರ ಕೆಪಾಸಿಟರುಗಳು, ಎಂದರೆ ವಿದ್ಯುತ್ತನ್ನು ಶೇಖರಿಸುವ ಬಿಡಿಭಾಗಗಳು, ಪ್ಲಗ್ ತೆಗೆದ ಮೇಲೂ 300 ವೋಲ್ಟಿನಷ್ಟು ಹಿಡಿದಿಟ್ಟುಕೊಂಡಿರಬಲ್ಲವು.

ಎರಡನೆಯ ತಪ್ಪು ಮೊದಲನೆಯದರಿಂದಲೇ ಹುಟ್ಟಿತು. ಹಳೆಯ ಡಿಸ್ಕು ನಿರಪರಾಧಿಯೆಂದು ಸಾಬೀತಾದದ್ದರಿಂದ ಮನೆಯವರು ಮುಗಿದ ಕೆಲಸಗಳನ್ನೆಲ್ಲ ಅದರಲ್ಲೇ ಇಡತೊಡಗಿದರು. ಕೆಲವು ತಿಂಗಳ ನಂತರ ಟಕ್ ಟಕ್ ಸದ್ದು ಕೇಳಿದಾಗ, ಈ ಸಲವೂ ಫ್ಯಾನೇ, ಯಾವುದೋ ವೈರು ರೆಕ್ಕೆಗೆ ತಾಗುತ್ತಿದೆ ಎಂದು ನಂಬಿದರು. ವೈರು ಸರಿಸಿದರು, ಯಂತ್ರವನ್ನು ಆರಿಸಿ ಹಚ್ಚಿದರು, ಮತ್ತೆ ಆರಿಸಿ ಹಚ್ಚಿದರು. ನಾಲ್ಕನೆಯ ದಿನ ಡಿಸ್ಕು ತೆರೆಯಲಿಲ್ಲ. ಒಂದು ಪುಸ್ತಕದ ಮೂರು ಸಲ ತಿದ್ದಿದ ಕರಡು ಅದರೊಡನೆ ಹೋಯಿತು. ಆ ಪುಟಗಳನ್ನು ಮುದ್ರಿತ ಪ್ರತಿಯಿಂದ ಮತ್ತೆ ಕೀಲಿಸಿದ ರಾತ್ರಿಗಳಲ್ಲಿ ಸ್ಪಷ್ಟವಾದ ಒಂದು ಲೆಕ್ಕವಿದೆ. ನಿಮಿಷಕ್ಕೆ 1,200 ಸುತ್ತು ತಿರುಗುವ ಫ್ಯಾನು ಸೆಕೆಂಡಿಗೆ 20 ಸುತ್ತು ಹಾಕುತ್ತದೆ; ಏಳು ರೆಕ್ಕೆಗಳಿದ್ದರೆ ವೈರಿಗೆ ಸೆಕೆಂಡಿಗೆ 140 ಪೆಟ್ಟು ಬೀಳುತ್ತವೆ, ಅದು ಕಿವಿಗೆ 'ಟರ್ರ್' ಎಂಬ ಒಂದೇ ಎಳೆಯಾಗಿ ಕೇಳುತ್ತದೆಯೇ ಹೊರತು ಬಿಡಿಬಿಡಿಯಾಗಿ ಕೇಳುವುದಿಲ್ಲ. ಸದ್ದನ್ನು ಒಂದು, ಎರಡು, ಮೂರು ಎಂದು ಎಣಿಸಲು ಬರುವುದಾದರೆ ಅದು ಫ್ಯಾನಿನದಾಗಿರಲು ಸಾಧ್ಯವಿಲ್ಲ.

ಎಣಿಸಲು ಬರುವ ಆ ಟಕ್ ಡಿಸ್ಕಿನ ತೋಳಿನದು. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ. ಓದುವ ತಲೆ ಅವುಗಳ ಮೇಲೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಗಾಳಿಪೊರೆಯಲ್ಲಿ ತೇಲುತ್ತ, ತಟ್ಟೆಯಲ್ಲೇ ಬರೆದಿಟ್ಟ ಗುರುತುಗಳ ಮೂಲಕ ತನ್ನ ಜಾಗ ತಿಳಿಯುತ್ತದೆ. ಗುರುತು ಓದಲಾಗದಿದ್ದಾಗ ತೋಳು ಹಿಂದಕ್ಕೆ ಸರಿದು ತಡೆಗೆ ಬಡಿದು ಮತ್ತೆ ಪ್ರಯತ್ನಿಸುತ್ತದೆ. ಪ್ರತಿ ಸಲ ಆರಿಸಿ ಹಚ್ಚುವುದೆಂದರೆ ಬಳಲಿದ ತಲೆಯನ್ನು ಮತ್ತೆ ತಟ್ಟೆಯ ಮೇಲೆ ಓಡಿಸುವುದು; ಆದ್ದರಿಂದ ಟಕ್ ಕೇಳಿದ ಕ್ಷಣ ಪರೀಕ್ಷೆಯನ್ನು ಬದಿಗಿಟ್ಟು, ಡಿಸ್ಕು ಇನ್ನೂ ಓದುತ್ತಿದ್ದರೆ ಅತ್ಯಗತ್ಯವಾದ ಕಡತಗಳನ್ನು ಮೊದಲು ನಕಲು ಮಾಡಬೇಕು, ಓದದಿದ್ದರೆ ಕಳಚಿಟ್ಟು ದತ್ತಾಂಶ ಹೊರತೆಗೆಯುವ ಪರಿಣತರಿಗೆ ಒಪ್ಪಿಸಬೇಕು. ಅನೇಕ ಸಲ ಡಿಸ್ಕು ತನ್ನ ಆರೋಗ್ಯವನ್ನು ಸದ್ದಿಗೂ ಮುನ್ನ ತಾನೇ ದಾಖಲಿಸಿಕೊಂಡಿರುತ್ತದೆ. ಸ್ಮಾರ್ಟ್ ಎಂಬ ಆ ದಾಖಲೆಯನ್ನು ಉಚಿತ ತಂತ್ರಾಂಶಗಳಿಂದ ನೋಡಬಹುದು, ಅದರಲ್ಲಿ ಕೆಟ್ಟು ಬದಲಾಯಿಸಲಾದ ತುಣುಕುಗಳ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕನ್ನು ನಂಬಬಾರದು.

ಉಳಿದ ಸದ್ದುಗಳು ಅಷ್ಟು ಅಪಾಯದವಲ್ಲ. ಪುಟ ಸರಿಸಿದಂತೆಲ್ಲ ಏರಿಳಿಯುವ ಸಣ್ಣ 'ಕುಯ್' ದನಿ ಮದರ್‌ಬೋರ್ಡಿನ ಅಥವಾ ಗ್ರಾಫಿಕ್ಸ್ ಕಾರ್ಡಿನ ತಂತಿಸುರುಳಿ ವಿದ್ಯುತ್ತಿಗೆ ಕಂಪಿಸುವುದರಿಂದ ಬರುತ್ತದೆ. ವೋಲ್ಟೇಜು ಏರಿಳಿದಾಗಿನ ಒಂಟಿ 'ಟಕ್' ಯುಪಿಎಸ್‌ನ ರಿಲೇ ಸ್ವಿಚ್ಚಿನದು. ಪರದೆ ಕಪ್ಪಾಗಿ ಬೀಪ್ ಮಾತ್ರ ಬಿಡದೆ ಕೇಳಿದರೆ ಬಹುಮಟ್ಟಿಗೆ ರ‍್ಯಾಮ್ ಸಡಿಲವಾಗಿರುತ್ತದೆ. ಕಳಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸುವ ರೂಢಿ ಫಲಿಸುತ್ತದೆ.

ಆ ಯಂತ್ರದಲ್ಲಿ ಈಗ ತಿರುಗುವ ಡಿಸ್ಕಿಲ್ಲ; ಚಿಪ್ಪುಗಳಲ್ಲೇ ಕಡತ ಉಳಿಸುವ ಎಸ್‌ಎಸ್‌ಡಿ ಇದೆ. ಎಸ್‌ಎಸ್‌ಡಿ ಕೆಡುವಾಗ ಟಕ್ ಎನ್ನುವುದಿಲ್ಲ, ಗೊರಗುಟ್ಟುವುದಿಲ್ಲ, ಕಿವಿಗೆ ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲವಾದ್ದರಿಂದ, ಮನೆಯವರು ಅಮಾವಾಸ್ಯೆಯ ದಿನ ಯಂತ್ರಕ್ಕೆ ಊದುಬತ್ತಿ ಬೆಳಗಿದ ಮೇಲೆ, ಬಾಗಿಲಿಗೆ ನಿಂಬೆಹಣ್ಣು ಕಟ್ಟುವಷ್ಟರಲ್ಲಿ, ಎಲ್ಲ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ವೈರು ಕಳಚಿ, ಬೀರುವಿನಲ್ಲಿ ಇಡುತ್ತಾರೆ.