ತೂಕವಿಲ್ಲದ ಚೆಂಡು

ತಪ್ಪನ್ನು ತೋರಿಸುವುದು ಉಪಾಧ್ಯಾಯನ ಕೆಲಸ. ತೋರಿಸಿದ ತಪ್ಪನ್ನು ಒಪ್ಪಿ ತಿದ್ದಿಕೊಳ್ಳುವುದು ವಿದ್ಯಾರ್ಥಿಯ ಕೆಲಸ. ಇವೆರಡರಲ್ಲಿ ಮೊದಲನೆಯದು ಸುಲಭ, ಎರಡನೆಯದು ಕಷ್ಟ ಎಂದು ನಾನು ಬಹುಕಾಲ ನಂಬಿದ್ದೆನು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕೆಂಪು ಮಸಿಯ ಲೇಖನಿಯನ್ನು ಹಿಡಿದು ಕುಳಿತವನು ನಾನು. ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಎಷ್ಟು ಸಾವಿರ ಗೆರೆಗಳನ್ನು ಎಳೆದಿರುವೆನೋ ಲೆಕ್ಕವಿಲ್ಲ. ಆ ಗೆರೆಗಳು ಅವರ ಮನಸ್ಸಿನಲ್ಲಿ ಎಲ್ಲಿ ಹೋಗಿ ತಾಗುತ್ತವೆ ಎಂಬುದನ್ನು ಮಾತ್ರ ನಿವೃತ್ತನಾದ ಮೇಲೆ, ನೆರೆಮನೆಯ ಒಬ್ಬ ಹುಡುಗನಿಂದ ಕಲಿತೆನು.

ನಾನು ಈಗ ವಾಸವಾಗಿರುವುದು ಬೆಂಗಳೂರಿನ ಉತ್ತರ ಭಾಗದ ತಣಿಸಂದ್ರದಲ್ಲಿ. ಹೆಸರಿನ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ ಎಂಬುದರ ತದ್ಭವವೆಂದೂ, ದೊಡ್ಡ ಕೆರೆಯನ್ನು ಹಿಂದಿನವರು ಹೀಗೆ ಕರೆಯುತ್ತಿದ್ದರೆಂದೂ ಬಲ್ಲವರು ಹೇಳುತ್ತಾರೆ. ಹೊಲಗಳಿದ್ದ ಕಡೆ ಇಂದು ಬಹುಮಹಡಿ ಕಟ್ಟಡಗಳು ಎದ್ದಿವೆ. ನಾಗವಾರದ ಬಳಿಯ ಮಾನ್ಯತಾ ಟೆಕ್ ಪಾರ್ಕಿಗೆ ಹೋಗಿಬರುವ ವಾಹನಗಳ ಸಾಲು ಬೆಳಗಿನಿಂದ ರಾತ್ರಿಯವರೆಗೆ ಮುಖ್ಯರಸ್ತೆಯನ್ನು ತುಂಬಿರುತ್ತದೆ. ಆದರೂ ಹಳೆಯ ಊರಿನ ಓಣಿಗಳಲ್ಲಿ ಹಸು ಕಟ್ಟಿರುವ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅಂತಹ ಒಂದು ಮನೆಯ ಹುಡುಗನೇ ಈ ಪಾಠದ ನಾಯಕನು.

ಬಾಲ್ಯದಿಂದಲೂ ಅವನ ಕೈಯಲ್ಲಿ ಸೀಸದ ಕಡ್ಡಿ ತಪ್ಪಿದ್ದನ್ನು ನಾನು ಕಂಡಿಲ್ಲ. ಹಬ್ಬ ಬಂದರೆ ಓಣಿಯ ಗೋಡೆಯ ಮೇಲೆ ಗಣಪತಿಯನ್ನು ಬರೆಯುವವನು ಅವನೇ. ಶಾಲೆಯ ಚಿತ್ರಸ್ಪರ್ಧೆಗಳಲ್ಲಿ ಬಹುಮಾನ ತರುವವನೂ ಅವನೇ. 2012ರಲ್ಲಿ ಕರ್ನಾಟಕ ಸರ್ಕಾರವು ಅನಿಮೇಷನ್ ಮೊದಲಾದ ಕಲೆಗಳಿಗಾಗಿ ಪ್ರತ್ಯೇಕ ನೀತಿಯೊಂದನ್ನು ರೂಪಿಸಿದ ಸಂಗತಿಯನ್ನು ಎಲ್ಲಿಯೋ ಓದಿದ್ದ ಅವನು, ಪಿ.ಯು.ಸಿ. ಮುಗಿದೊಡನೆ ಚಲಿಸುವ ಚಿತ್ರಗಳ ಕಲೆಯನ್ನೇ ಕಲಿಯುವೆನೆಂದು ಹಟ ಹಿಡಿದನು. ತಂದೆಗೆ ಇಷ್ಟವಿರಲಿಲ್ಲ. ತಾಯಿ ತನ್ನ ಕೊರಳ ಸರವನ್ನು ಅಡವಿಟ್ಟು ನಗರದ ಒಂದು ತರಬೇತಿ ಸಂಸ್ಥೆಗೆ ಶುಲ್ಕ ಕಟ್ಟಿದಳು.

ಎರಡು ತಿಂಗಳು ಕಳೆದಿರಬಹುದು. ಒಂದು ಸಂಜೆ ಹುಡುಗನು ನಮ್ಮ ಜಗಲಿಗೆ ಬಂದು ತಲೆ ತಗ್ಗಿಸಿ ಕುಳಿತನು.

“ಏನಪ್ಪಾ, ಮುಖ ಬಾಡಿದೆಯಲ್ಲ?” ಎಂದೆ.

“ನಾಳೆಯಿಂದ ನಾನು ಹೋಗುವುದಿಲ್ಲ, ಮೇಷ್ಟ್ರೇ. ನನ್ನ ಕೈಗೆ ಈ ವಿದ್ಯೆ ಹತ್ತುವುದಿಲ್ಲ” ಎಂದನು.

ಕೇಳಿದಾಗ ಕಥೆ ಹೊರಬಿದ್ದಿತು. ಅಲ್ಲಿ ಕಲಿಸುತ್ತಿದ್ದವರು ಆ ಕಸುಬಿನಲ್ಲಿ ಕೂದಲು ನರೆತ ಹಿರಿಯರು. ಅವರು ಕೊಟ್ಟ ಮೊದಲ ಅಭ್ಯಾಸ ಒಂದು ಚೆಂಡು. ಮೇಲಿನಿಂದ ಬೀಳಬೇಕು, ನೆಲಕ್ಕೆ ತಾಗಿ ಪುಟಿಯಬೇಕು, ಕೊನೆಗೆ ನಿಲ್ಲಬೇಕು, ಅಷ್ಟೆ. ಇಷ್ಟು ಸಣ್ಣ ಕೆಲಸವೇ ಎಂದು ಹುಡುಗನಿಗೆ ನಗು ಬಂದಿತ್ತು. ಮೂರು ರಾತ್ರಿ ನಿದ್ದೆಗೆಟ್ಟು ಕೆಂಪು ಚೆಂಡು, ಹಿಂದೆ ಇಟ್ಟಿಗೆಯ ಗೋಡೆ, ಮೇಲೆ ಸಂಜೆಯ ಆಕಾಶ, ಕೆಳಗೆ ನೆರಳು, ಎಲ್ಲವನ್ನೂ ಬರೆದು ಒಯ್ದನು. ಹಿರಿಯರು ಎರಡು ಬಾರಿ ನೋಡಿ, “ಬಣ್ಣ ಚೆನ್ನಾಗಿದೆ. ಚೆಂಡಿಗೆ ತೂಕವಿಲ್ಲ. ಮತ್ತೆ ಬರೆ” ಎಂದರು. ಎರಡನೆಯ ಸಲವೂ ಅದೇ ಮಾತು. ಮೂರನೆಯ ಸಲ, “ಇದು ಚೆಂಡೋ, ದಾರ ಕಟ್ಟಿ ಇಳಿಬಿಟ್ಟ ಬೊಂಬೆಯೋ?” ಎಂದರಂತೆ. ಜೊತೆಯವರೆಲ್ಲರೂ ನಕ್ಕರು. ಬಹುಮಾನಗಳನ್ನೇ ಕಂಡು ಬೆಳೆದ ಹುಡುಗನಿಗೆ ಆ ನಗು ತಡೆಯಲಾಗಲಿಲ್ಲ.

ಅವನನ್ನು ನೋಡಿದಾಗ ನನಗೆ ಜಕಣಾಚಾರಿಯ ಐತಿಹ್ಯ ನೆನಪಾಯಿತು. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ಒಬ್ಬ ತರುಣನು ಹೇಳಿದನಂತೆ. ಗಂಧ ಲೇಪಿಸಿ ನೋಡಿದರೆ ಹೊಕ್ಕುಳ ಬಳಿ ಮಾತ್ರ ಹಸಿ ಆರಲಿಲ್ಲ. ಅಲ್ಲಿ ಒಡೆದಾಗ ನೀರಿನೊಡನೆ ಕಪ್ಪೆ ಹೊರಬಂದಿತು. ಮಾತಿಗೆ ಕಟ್ಟುಬಿದ್ದ ಜಕಣಾಚಾರಿ ತನ್ನ ಬಲಗೈಯನ್ನೇ ಕಡಿದುಕೊಂಡನು. ಆ ತರುಣನು ಅವನ ಮಗನೇ ಆದ ಡಂಕಣನೆಂದು ತಿಳಿದುದು ಆಮೇಲೆ. ಇದು ಚರಿತ್ರೆಯಲ್ಲ, ಜನರು ಕಟ್ಟಿದ ಕಥೆ. ಆದರೆ ಇದನ್ನು ನೂರಾರು ಸಲ ಪಾಠ ಮಾಡಿದ್ದ ನನಗೆ ಅಂದು ಒಂದು ಹೊಸ ಪ್ರಶ್ನೆ ಎದ್ದಿತು. ಅದನ್ನೇ ಹುಡುಗನಿಗೆ ಕೇಳಿದೆ:

“ದೋಷವಿದ್ದುದು ಎಲ್ಲಿ, ಮಗು?”

“ಕಲ್ಲಿನಲ್ಲಿ.”

“ಶಿಕ್ಷೆಯಾದದ್ದು ಯಾವುದಕ್ಕೆ?”

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೈಗೆ” ಎಂದನು.

“ನಿಮ್ಮ ಗುರುಗಳು ಚೆಂಡಿಗೆ ತೂಕವಿಲ್ಲ ಎಂದರೇ ಹೊರತು ನಿನಗೆ ಕೈಯಿಲ್ಲ ಎನ್ನಲಿಲ್ಲ. ಕೈಯನ್ನು ಕಡಿದುಕೊಳ್ಳುವ ಮೊದಲು, ಚೆಂಡನ್ನು ಒಮ್ಮೆ ನೋಡೋಣ ಬಾ” ಎಂದು ಎಬ್ಬಿಸಿದೆನು.

ಇಲ್ಲಿ ಈ ಕಲೆಯ ಮೂಲವನ್ನು ಸ್ವಲ್ಪ ತಿಳಿಯಬೇಕು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಸ್ಥಿರಚಿತ್ರಗಳು ನಮ್ಮ ಕಣ್ಣ ಮುಂದೆ ಹಾದುಹೋಗುತ್ತವೆ. ಈ ಒಂದೊಂದು ಚಿತ್ರಕ್ಕೂ ಫ್ರೇಮು ಎಂದು ಹೆಸರು. ಅವು ಬೇರೆ ಬೇರೆ ಎಂದು ಕಣ್ಣಿಗೆ ತಿಳಿಯುವುದಿಲ್ಲ, ಚಲನೆಯೆಂದೇ ತೋರುತ್ತದೆ. ಅನಿಮೇಷನ್ ಕಲಾವಿದನು ಈ ಚಿತ್ರಗಳನ್ನು ತಾನೇ ಬರೆಯುತ್ತಾನೆ. ಆದುದರಿಂದ ಒಂದು ಚಿತ್ರ ಎಷ್ಟು ಸುಂದರ ಎಂಬುದಕ್ಕಿಂತ, ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಎಷ್ಟು ಅಂತರ ಎಂಬುದು ಇಲ್ಲಿ ಮುಖ್ಯ. ನಮ್ಮ ಹುಡುಗನು ಚೆಂಡನ್ನು ಪ್ರತಿ ಫ್ರೇಮಿಗೂ ಒಂದೇ ಅಳತೆಯಷ್ಟು ಕೆಳಗಿಳಿಸುತ್ತ ಬಂದಿದ್ದನು. ಬಾವಿಗೆ ಹಗ್ಗದಲ್ಲಿ ಇಳಿಬಿಟ್ಟ ಕೊಡ ಹೀಗೆ ಇಳಿಯಬಹುದು. ಕೈಬಿಟ್ಟ ಚೆಂಡು ಹೀಗೆ ಬೀಳುವುದಿಲ್ಲ.

ನಾವು ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಳತೆಯ ಗೆರೆಗಳನ್ನು ಎಳೆದು, 120 ಸೆಂಟಿಮೀಟರ್ ಎತ್ತರದಿಂದ ಒಂದು ರಬ್ಬರ್ ಚೆಂಡನ್ನು ಬಿಟ್ಟೆವು. ಅವನು ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಒಂದೊಂದೇ ಫ್ರೇಮನ್ನು ನಿಲ್ಲಿಸಿ ನೋಡಿದನು. ನೆಲ ಮುಟ್ಟಲು ಹಿಡಿದದ್ದು ಸುಮಾರು ಅರ್ಧ ಸೆಕೆಂಡು, ಅಂದರೆ ಸಿನಿಮಾದ ಲೆಕ್ಕದಲ್ಲಿ 12 ಫ್ರೇಮು. ಮೊದಲ ಆರು ಫ್ರೇಮುಗಳ ಕಾಲದಲ್ಲಿ ಚೆಂಡು ಬಿದ್ದದ್ದು ಸುಮಾರು 30 ಸೆಂಟಿಮೀಟರ್ ಮಾತ್ರ. ಉಳಿದ ಆರರಲ್ಲಿ 90! ನೀವು ವಿಜ್ಞಾನದ ಪಾಠದಲ್ಲಿ ಓದುವ ಗುರುತ್ವ ವೇಗೋತ್ಕರ್ಷವೇ ಇದು. ಬೀಳುವ ವಸ್ತು ಸಮಾನ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು 1, 3, 5, 7 ಎಂಬ ಬೆಸಸಂಖ್ಯೆಗಳ ಪ್ರಮಾಣದಲ್ಲಿ ಹೆಚ್ಚುತ್ತವೆಂದು ಗೆಲಿಲಿಯೋ ಕಂಡುಕೊಂಡಿದ್ದನು. ಅಂದರೆ ಮೇಲ್ತುದಿಯಲ್ಲಿ ಚೆಂಡಿನ ಚಿತ್ರಗಳು ಒತ್ತೊತ್ತಾಗಿರಬೇಕು. ನೆಲದ ಬಳಿ ದೂರ ದೂರವಿರಬೇಕು. ಪುಟಿದೆದ್ದಾಗ ಇದೇ ಕ್ರಮ ಹಿಂದುಮುಂದಾಗಬೇಕು. ಪುಟಿತದ ಎತ್ತರ ಪ್ರತಿ ಸಲವೂ ಕುಗ್ಗಬೇಕು. ಎತ್ತರದೊಡನೆ ಕಾಲವೂ ಕುಗ್ಗಬೇಕು. ಎತ್ತರ ಕಾಲುಭಾಗಕ್ಕೆ ಇಳಿದರೆ ಕಾಲ ಅರ್ಧಕ್ಕೆ ಇಳಿಯುತ್ತದೆ. ತೂಕವೆಂಬುದನ್ನು ಬಣ್ಣದಿಂದ ಬರೆಯಲಾಗುವುದಿಲ್ಲ. ಈ ಅಂತರಗಳಿಂದಲೇ ಬರೆಯಬೇಕು. ಆ ರಾತ್ರಿ ಹುಡುಗನು ಮನೆಗೆ ಹೋಗುವಾಗ ಚೆಂಡನ್ನೂ ತೆಗೆದುಕೊಂಡು ಹೋದನು.

ಮರುದಿನ ಅವನು ಸಂಸ್ಥೆಗೆ ಹೋದನು. ಬಣ್ಣವಿಲ್ಲದ, ಬರಿಯ ಗೆರೆಯ ಚೆಂಡನ್ನು ತೋರಿಸಿದಾಗ ಹಿರಿಯರು ಅವನ ಹಾಳೆಗಳ ಮೇಲೆ ತೆಳುವಾದ ಹೊಸ ಹಾಳೆಯನ್ನಿಟ್ಟು, ಮೂರು ಕಡೆಗಳಲ್ಲಿ ಮಾತ್ರ ತಿದ್ದಿ ತೋರಿಸಿದರು. ನೆಲಕ್ಕೆ ತಾಗಿದ ಕ್ಷಣದಲ್ಲಿ ಚೆಂಡು ಸ್ವಲ್ಪ ಚಪ್ಪಟೆಯಾಗಬೇಕು. ಆದರೆ ಕುಗ್ಗಿದಷ್ಟು ಅಗಲವಾಗಬೇಕು, ಇಲ್ಲದಿದ್ದರೆ ಅದರ ಗಾತ್ರವೇ ಕಡಮೆಯಾದಂತೆ ತೋರುತ್ತದೆ ಎಂದರು. ಅಮೆರಿಕದ ಡಿಸ್ನಿ ಸಂಸ್ಥೆಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ ಎಂಬವರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಲೆಯ ಹನ್ನೆರಡು ತತ್ತ್ವಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದೇ ಇದು. ಕೊನೆಯಲ್ಲಿ ಆ ಹಿರಿಯರು, “ಅಂದು ಎಲ್ಲರೆದುರು ಬೊಂಬೆ ಎನ್ನಬಾರದಿತ್ತು, ತಮ್ಮಾ. ಆದರೆ ಚೆಂಡಿಗೆ ತೂಕವಿಲ್ಲ ಎಂದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ” ಎಂದರಂತೆ. ಈ ಎರಡು ವಾಕ್ಯಗಳನ್ನು ಕೇಳಿದಾಗ ಅವರ ಮೇಲೆ ನನಗೆ ಗೌರವ ಹುಟ್ಟಿತು.

ಈ ವಿದ್ಯೆಯ ಚರಿತ್ರೆಯನ್ನು ನೋಡಿದರೆ, ಇದು ಹೀಗೆ ಕೈಯಿಂದ ಕೈಗೆ ತಿದ್ದಿಸಿಕೊಂಡೇ ಬಂದುದು ಕಾಣುತ್ತದೆ. ಡಿಸ್ನಿ ಸಂಸ್ಥೆಯಲ್ಲಿ ಆಗಲೇ ಸಂಬಳ ಪಡೆಯುತ್ತಿದ್ದ ಕಲಾವಿದರು 1932ರಿಂದ ಡಾನ್ ಗ್ರಹಾಮ್ ಎಂಬ ಚಿತ್ರಕಲಾ ಶಿಕ್ಷಕರ ಮುಂದೆ ಸಂಜೆಯ ಹೊತ್ತು ಮತ್ತೆ ವಿದ್ಯಾರ್ಥಿಗಳಾಗಿ ಕುಳಿತರು. 1937ರ ‘ಸ್ನೋ ವೈಟ್’ ಚಿತ್ರದ ಹಿಂದೆ ಆ ಸಂಜೆಗಳ ಶ್ರಮವಿದೆ. ಅದೇ ಸಂಸ್ಥೆಯಲ್ಲಿ ಪಳಗಿದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಗೆ ಬಂದು, ಅಂದಿನ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗದಲ್ಲಿ ಭಾರತದ ತರುಣರಿಗೆ ಕಲಿಸಿದರು. ಜಾತಕ ಕಥೆಯೊಂದನ್ನು ಆಧರಿಸಿದ ‘ದಿ ಬ್ಯಾನಿಯನ್ ಡೀರ್’ ಎಂಬ ಚಿತ್ರ 1957ರಲ್ಲಿ ಅಲ್ಲಿ ಸಿದ್ಧವಾಯಿತು. ಆ ತರುಣರಲ್ಲಿ ರಸಾಯನಶಾಸ್ತ್ರ ಓದಿ ಬಂದಿದ್ದ ರಾಮ್ ಮೋಹನ್ ಒಬ್ಬರು. ಮುಂದೆ ಅವರೇ ಅನೇಕರಿಗೆ ಗುರುವಾಗಿ, ಭಾರತೀಯ ಅನಿಮೇಷನ್ನಿನ ಪಿತಾಮಹರೆನಿಸಿ, 2014ರಲ್ಲಿ ಪದ್ಮಶ್ರೀ ಪಡೆದರು.

ಇವರೆಲ್ಲರಿಗಿಂತ ನನಗೆ ಹೆಚ್ಚು ಅಚ್ಚರಿ ತಂದವರು ಲಂಡನ್ನಿನಲ್ಲಿ ನೆಲಸಿದ್ದ ರಿಚರ್ಡ್ ವಿಲಿಯಮ್ಸ್. 1958ರ ತಮ್ಮ ಮೊದಲ ಚಿತ್ರದಿಂದಲೇ ಪ್ರಶಸ್ತಿ ಗಳಿಸಿ, ಸ್ವಂತ ಸಂಸ್ಥೆಯನ್ನು ಕಟ್ಟಿದ್ದವರು ಅವರು. 1967ರಲ್ಲಿ ತೆರೆಗೆ ಬಂದ ‘ಜಂಗಲ್ ಬುಕ್’ ಚಿತ್ರವನ್ನು ನೋಡಿದ ಮೇಲೆ, ಈ ಕಲೆಯ ಮೂಲಪಾಠಗಳು ತಮಗೆ ತಿಳಿದಿಲ್ಲವೆಂದು ಅವರಿಗೆ ಅನಿಸಿತು. ಕೆನ್ ಹ್ಯಾರಿಸ್, ಆರ್ಟ್ ಬ್ಯಾಬಿಟ್ ಮುಂತಾದ ಹಿರಿಯರನ್ನು ಅಮೆರಿಕದಿಂದ ಕರೆಸಿ, ತಾವೇ ಸಂಬಳ ಕೊಡುವವರ ಪಕ್ಕದಲ್ಲಿ ಸಹಾಯಕರಾಗಿ ಕುಳಿತು ತಿದ್ದಿಸಿಕೊಂಡರು. ‘ರೋಜರ್ ರ್‍ಯಾಬಿಟ್’ ಮೊಲದ 1988ರ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿಗಳು ಬಂದುದು ಆ ಬಳಿಕ. ಕಲಿತದ್ದನ್ನೆಲ್ಲ 2001ರಲ್ಲಿ ಪುಸ್ತಕವಾಗಿ ಬರೆದು ಕಿರಿಯರಿಗೆ ಕೊಟ್ಟರು. ಪ್ರಶಸ್ತಿ ಪಡೆದ ಮೇಲೆ ಪಾಠಕ್ಕೆ ಕೂರುವ ಈ ಧೈರ್ಯ ಎಷ್ಟು ಜನರಿಗೆ ಬಂದೀತು?

ಇನ್ನು ನನ್ನ ಮಾತು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಬಾಲಕನು ತಾನು ಬರೆದ ಪದ್ಯಗಳ ನೋಟುಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದನು. ಮಾತ್ರೆಗಳು ಎಲ್ಲೆಲ್ಲೂ ಕೆಟ್ಟಿದ್ದವು. ನಾನು ಕೊನೆಯ ಪುಟದಲ್ಲಿ ಕೆಂಪು ಮಸಿಯಿಂದ ‘ಇದು ಪದ್ಯವಲ್ಲ’ ಎಂದು ಬರೆದು ಹಿಂದಿರುಗಿಸಿದೆನು. ಎಷ್ಟೋ ವರ್ಷಗಳ ಬಳಿಕ ಬಸ್ ನಿಲ್ದಾಣದಲ್ಲಿ ಅವನೇ ಗುರುತಿಸಿ ಮಾತನಾಡಿಸಿದನು. ಪದ್ಯ ಬರೆಯುತ್ತಿರುವೆಯಾ ಎಂದು ಕೇಳಿದರೆ, “ಆಮೇಲೆ ಬರೆಯಲಿಲ್ಲ ಸಾರ್” ಎಂದು ನಕ್ಕನು. ಅವನ ಮನಸ್ಸಿನಲ್ಲಿ ಕಹಿಯಿರಲಿಲ್ಲ. ಆದುದರಿಂದಲೇ ಆ ನಗು ನನ್ನನ್ನು ಇಂದಿಗೂ ಚುಚ್ಚುತ್ತದೆ. ನಾನು ಬರೆದದ್ದು ಸುಳ್ಳಲ್ಲ. ಆದರೆ ಮಾತ್ರೆ ಎಲ್ಲಿ ಕೆಟ್ಟಿದೆಯೆಂದು ನಾನು ತೋರಿಸಲಿಲ್ಲ. ‘ಮತ್ತೆ ಬರೆ’ ಎಂಬ ಎರಡು ಪದಗಳನ್ನು ಸೇರಿಸಲಿಲ್ಲ. ಕಲ್ಲಿನ ದೋಷವನ್ನು ಹೇಳಲು ಹೋಗಿ ಒಂದು ಕೈಯನ್ನು ನಿಲ್ಲಿಸಿಬಿಟ್ಟೆನು. ತಪ್ಪು ತೋರಿಸುವುದು ಸುಲಭವೆಂದು ನಂಬಿದ್ದ ನನಗೆ, ಅದೂ ಕಷ್ಟದ ವಿದ್ಯೆಯೇ ಎಂದು ತಿಳಿದುದು ಹೀಗೆ.

ನಮ್ಮ ಹುಡುಗನ ಚೆಂಡು ಹನ್ನೊಂದನೆಯ ಪ್ರಯತ್ನದಲ್ಲಿ ಸರಿಯಾಯಿತು. ಹಿರಿಯರು ಹೊಗಳಲಿಲ್ಲ, “ಈಗ ಬಿದ್ದಿತು” ಎಂದರಷ್ಟೆ. ಬಾಲ್ಯದಿಂದ ಬಂದ ಬಹುಮಾನಗಳಿಗಿಂತ ಆ ಎರಡು ಪದಗಳು ಅವನಿಗೆ ದೊಡ್ಡವಾಗಿದ್ದವು. ಒಡನೆಯೇ ಮುಂದಿನ ಅಭ್ಯಾಸವನ್ನೂ ಕೊಟ್ಟರು: ಅರ್ಧ ತುಂಬಿದ ಹಿಟ್ಟಿನ ಚೀಲವೊಂದು ಎದ್ದು ನಡೆಯಬೇಕು. ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ. ಆದರೂ ಅದು ದುಃಖದಲ್ಲಿದೆಯೋ ಸಂತೋಷದಲ್ಲಿದೆಯೋ ನೋಡಿದವರಿಗೆ ತಿಳಿಯಬೇಕು.

ಮರುದಿನ ಬೆಳಗ್ಗೆ ನಾನು ಹಾಲಿಗೆಂದು ಹೊರಟಾಗ, ಹುಡುಗನು ಹಿಟ್ಟಿನ ಗಿರಣಿಯ ಮುಂದೆ ನಿಂತಿದ್ದನು. ರಾಗಿಹಿಟ್ಟಿನ ಚೀಲವನ್ನು ಒಬ್ಬಾಕೆ ಸೊಂಟಕ್ಕೇರಿಸಿಕೊಳ್ಳುತ್ತಿದ್ದಳು. ಅದು ಎಲ್ಲಿ ಬಾಗುತ್ತದೆ, ಭಾರ ಎತ್ತ ಜಾರುತ್ತದೆ ಎಂದು ಅವನು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದನು. ನಾನು ಕರೆಯದೆ ಮುಂದೆ ನಡೆದೆನು.

ಶಬ್ದಾರ್ಥ

ತದ್ಭವ – ಸಂಸ್ಕೃತದಿಂದ ಬಂದು ರೂಪ ಬದಲಾದ ಪದ
ಐತಿಹ್ಯ – ಜನರ ಬಾಯಿಂದ ಬಾಯಿಗೆ ಬಂದ ಕಥೆ
ಕಡೆ (ಕ್ರಿಯಾಪದ) – ಕಲ್ಲು, ಮರಗಳಲ್ಲಿ ಕೆತ್ತು
ವೇಗೋತ್ಕರ್ಷ – ವೇಗವು ಹೆಚ್ಚುವ ದರ
ಮಾತ್ರೆ – ಪದ್ಯದಲ್ಲಿ ಅಕ್ಷರಗಳ ಉಚ್ಚಾರಣೆಯ ಕಾಲವನ್ನು ಅಳೆಯುವ ಪ್ರಮಾಣ
ಪಳಗು – ಅನುಭವದಿಂದ ನುರಿತವನಾಗು

ಅಭ್ಯಾಸ

1. ಹುಡುಗನು ಮೊದಲು ಬರೆದ ಚೆಂಡಿಗೆ ತೂಕವಿಲ್ಲವೆಂದು ಹಿರಿಯರು ಹೇಳಲು ಕಾರಣವೇನು?
2. ಜಕಣಾಚಾರಿಯ ಕಥೆಯಿಂದ ಲೇಖಕರು ಹುಡುಗನಿಗೆ ತಿಳಿಸಿದ ಮಾತು ಯಾವುದು?
3. ರಿಚರ್ಡ್ ವಿಲಿಯಮ್ಸರ ನಡತೆಯಲ್ಲಿ ಲೇಖಕರಿಗೆ ಅಚ್ಚರಿ ತಂದ ಅಂಶವೇನು?
4. ‘ಇದು ಪದ್ಯವಲ್ಲ’, ‘ಚೆಂಡಿಗೆ ತೂಕವಿಲ್ಲ. ಮತ್ತೆ ಬರೆ’ – ಈ ಎರಡು ಟೀಕೆಗಳ ನಡುವಣ ವ್ಯತ್ಯಾಸವನ್ನು ವಿವರಿಸಿರಿ.
5. ಸಂದರ್ಭಸಹಿತ ವಿವರಿಸಿರಿ: “ದೋಷವಿದ್ದುದು ಎಲ್ಲಿ, ಮಗು?”
6. ನಿಮ್ಮ ಕೆಲಸವೊಂದನ್ನು ಹಿರಿಯರು ತಿದ್ದಿದ ಸಂದರ್ಭವನ್ನು ಕುರಿತು ಒಂದು ಪುಟ ಬರೆಯಿರಿ.