ಇಂದಿನ ಧಮ್ಮ ಚಿಂತನೆ: ಗುತ್ತಿಯ ಹುಲಿಯ, ಬಾಬಾಸಾಹೇಬರ ಟಾಬಿ



ಹೋದ ಭಾನುವಾರ ಓದು ಮುಗಿದ ಮೇಲೆ ಹೊಸನಗರ ಕಡೆಯ ತಂಗಿಯೊಬ್ಬಳು ಒಂದು ವಿಷಯ ಎತ್ತಿದಳು. ತನ್ನ ಮುತ್ತಜ್ಜಿಯ ಕಾಲದ ಜೀತದ ಬದುಕನ್ನು ಸಣ್ಣ ಕಾದಂಬರಿಯಾಗಿ ಬರೆಯುತ್ತಿದ್ದಾಳೆ. ಅದು ಪುಸ್ತಕವಾದರೆ, ಬಂದ ದುಡ್ಡಿನಲ್ಲಿ ಒಂದು ಪಾಲನ್ನು ಗಾಯಗೊಂಡ, ದಿಕ್ಕಿಲ್ಲದ ಬೀದಿ ನಾಯಿಗಳ ಆರೈಕೆಗೆ ಕೊಡಬೇಕೆಂಬುದು ಅವಳ ಆಸೆ. ಮಾತು ಮುಗಿಯುವ ಮೊದಲೇ ನಮ್ಮ ಹಿರಿಯರೊಬ್ಬರು, "ನಮ್ ಹುಡುಗ್ರ ಹಾಸ್ಟೆಲ್ ಫೀಸಿಗೇ ದುಡ್ಡಿಲ್ಲ ತಂಗಿ, ನಾಯಿಗೆ ಕೊಡ್ತೀಯಾ?" ಅಂದರು. ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಹಿರಿಯರ ಮಾತು ಕೋಪದ್ದಲ್ಲ, ನೋವಿನದು. ಆ ನೋವಿಗೆ ಬಹಳ ಹಳೆಯ ಬೇರಿದೆ. ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆದು ನೋಡಿ. ಚಂಡಾಲರೂ ಶ್ವಪಚರೂ ಊರ ಹೊರಗೆ ಇರಬೇಕು, ನಾಯಿ ಮತ್ತು ಕತ್ತೆಗಳೇ ಅವರ ಆಸ್ತಿಯಾಗಿರಬೇಕು ಎಂದು ಅಲ್ಲಿ ಬರೆದಿದೆ. ಶ್ವಪಚ ಎಂದರೆ ನಾಯಿ ಬೇಯಿಸುವವನು. ಬೈಗುಳವನ್ನೇ ಜಾತಿಯ ಹೆಸರು ಮಾಡಿದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಾಗಲೂ ವಿಷಯ ಇದೇ ಆಗಿತ್ತು. ದನ, ನಾಯಿ ಇಳಿದು ಕುಡಿಯುವ ಕೆರೆಗೆ ಮನುಷ್ಯನೊಬ್ಬ ಕೈ ಹಾಕುವಂತಿರಲಿಲ್ಲ. ಅದೇ ವರ್ಷ ಡಿಸೆಂಬರ್ 25ರಂದು ಅದೇ ಊರಿನಲ್ಲಿ ಆ ಮನುಸ್ಮೃತಿಯನ್ನು ಸುಟ್ಟರು. 1931ರ ಆಗಸ್ಟ್‌ನಲ್ಲಿ ಮುಂಬೈಯ ಮಣಿಭವನದಲ್ಲಿ ಗಾಂಧೀಜಿಯವರ ಎದುರು ಕೂತು, ಬೆಕ್ಕು ನಾಯಿಗಿಂತ ಕೀಳಾಗಿ ನಮ್ಮನ್ನು ಕಾಣುವ ನಾಡನ್ನು ನನ್ನ ತಾಯ್ನಾಡು ಎಂದು ಹೇಗೆ ಕರೆಯಲಿ ಎಂಬ ಅರ್ಥದ ಮಾತು ಆಡಿದವರೂ ಅವರೇ.

ಈಗ ಇನ್ನೊಂದು ಚಿತ್ರ ನೆನಪು ಮಾಡಿಕೊಳ್ಳಿ. ನಮ್ಮಲ್ಲಿ ಅನೇಕರ ಮನೆಯ ಗೋಡೆಯ ಮೇಲೆ, ಮೊಬೈಲಿನಲ್ಲಿ ಇದ್ದೇ ಇರುತ್ತದೆ. 1934ರ ಫೆಬ್ರವರಿ, ದಾದರಿನ ರಾಜಗೃಹ. ಯಶವಂತ, ಬಾಬಾಸಾಹೇಬರು, ಮಾತೆ ರಮಾಬಾಯಿ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ. ಜೊತೆಗೆ ಒಂದು ನಾಯಿಯೂ ಇದೆ. ಅದರ ಹೆಸರು ಟಾಬಿ. ಬಾಬಾಸಾಹೇಬರ ಅಚ್ಚುಮೆಚ್ಚಿನ ನಾಯಿ ಅದು. ಮರುವರ್ಷ ಮೇ ತಿಂಗಳಲ್ಲಿ ರಮಾತಾಯಿ ತೀರಿಕೊಂಡರು. ಆ ಕುಟುಂಬ ಒಟ್ಟಿಗೆ ಉಳಿದಿರುವ ಆ ಒಂದು ಚಿತ್ರದಲ್ಲಿ ನಾಯಿಗೂ ಒಂದು ಜಾಗ ಸಿಕ್ಕಿದೆ.

ಮಣಿಭವನದಲ್ಲಿ ಆ ಮಾತು ಆಡಿದ ಮೂರು ವರ್ಷದೊಳಗಿನ ಚಿತ್ರ ಇದು. ಅವರಿಗೆ ನಾಯಿಯ ಮೇಲೆ ಸಿಟ್ಟಿರಲಿಲ್ಲ. ಕೆರೆಗೆ ಬೇಲಿ ಹಾಕಿದ್ದು ನಾಯಿಯಲ್ಲ.

ಇನ್ನು ನಮ್ಮ ಸೀಮೆಗೇ ಬರೋಣ. ಕುವೆಂಪು ಅವರ *ಮಲೆಗಳಲ್ಲಿ ಮದುಮಗಳು* 1967ರಲ್ಲಿ ಬಂತು. ಕಥೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಇದೇ ತೀರ್ಥಹಳ್ಳಿ ಸುತ್ತಿನ ಕಾಡು ಕೊಂಪೆಗಳಲ್ಲಿ. ವಿವೇಕಾನಂದರು ಚಿಕಾಗೋದಲ್ಲಿ ಭಾಷಣ ಮಾಡಿದ 1893ರ ಸುದ್ದಿ ಅದರೊಳಗೆ ಬರುತ್ತದೆ. ಬರೆದವರು ತಾವು ಹುಟ್ಟುವುದಕ್ಕೂ ಮುಂಚಿನ ಕಾಲವನ್ನು ಬರೆದರು. ಐತಿಹಾಸಿಕ ಕಾದಂಬರಿ ಎಂದರೆ ರಾಜ, ಕೋಟೆ, ಕತ್ತಿ ಇರಬೇಕೆಂದೇನೂ ಇಲ್ಲವಲ್ಲ. ಆ ಕಾದಂಬರಿಯಲ್ಲಿ ಸಿಂಬಾವಿಯ ಭರಮೈಹೆಗ್ಗಡೆಯವರ ಜೀತದಾಳು ಗುತ್ತಿ ಇದ್ದಾನೆ, ನಮ್ಮವನೇ. ಅವನ ಹಿಂದೆ ಸದಾ ಹುಲಿಯ ಎಂಬ ನಾಯಿ. ಜನ ಅವನನ್ನು ನಾಯಿಗುತ್ತಿ ಎಂದೇ ಕರೆಯುತ್ತಾರೆ. ತಾನು ಮೆಚ್ಚಿದ ತಿಮ್ಮಿಯನ್ನು ಹಾರಿಸಿಕೊಂಡು ಕಾಡು ಮೇಡು ಅಲೆಯುವಾಗಲೂ ಹುಲಿಯ ಜೊತೆಗಿರುತ್ತದೆ. ಕೊನೆಗೆ ತುಂಬಿ ಹರಿಯುವ ತುಂಗೆಯಲ್ಲಿ ಕೊಚ್ಚಿಹೋಗುತ್ತದೆ.

ಅದಕ್ಕೂ ಮೊದಲು, 1933ರಲ್ಲಿ, ಶಿವರಾಮ ಕಾರಂತರು *ಚೋಮನ ದುಡಿ* ಬರೆದರು. ಸ್ವಂತ ಬೇಸಾಯ ಮಾಡಬೇಕೆಂದು ಆಸೆಪಟ್ಟು ಸೋತ ಚೋಮನಿಗೂ ಒಂದು ನಾಯಿ, ಹೆಸರು ಬಾಡು. ಕನ್ನಡದ ಇಬ್ಬರು ದೊಡ್ಡ ಲೇಖಕರು, ಇಬ್ಬರೂ ನಮ್ಮ ಕೇರಿಯವರಲ್ಲ, ನಮ್ಮವರ ಕಥೆ ಹೇಳುವಾಗ ಪಕ್ಕದಲ್ಲಿ ಒಂದು ನಾಯಿಯನ್ನು ನಿಲ್ಲಿಸಿದರು. ಇದನ್ನು ಅವಮಾನ ಎಂದು ಓದಬಹುದು, ಹಾಗೆ ಓದಿದವರನ್ನು ನಾನು ತಪ್ಪು ಎನ್ನಲಾರೆ. ನನಗೆ ಕಾಣುವುದು ಬೇರೆ. ಊರೇ ದೂರ ನಿಲ್ಲಿಸಿದ ಮನುಷ್ಯನನ್ನು ಮುಟ್ಟಿಸಿಕೊಂಡ ಜೀವ ಅದು. ನಾಯಿಗೆ ಮೈಲಿಗೆ ಗೊತ್ತಿರಲಿಲ್ಲ.

ಆದರೆ ಇಲ್ಲೊಂದು ತೊಡಕಿದೆ. ಪಿಯುಸಿ ಓದುವಾಗ ಮೊದಲ ಸಲ ಆ ಕಾದಂಬರಿ ಮುಗಿಸಿದಾಗ ನಾನು ಹುಲಿಯನಿಗಾಗಿ ಅತ್ತೆ. ಗುತ್ತಿ ಓಡಿಹೋಗಬೇಕಾಗಿ ಬಂದದ್ದು ಯಾಕೆ, ಅವನು ಯಾರ ಆಸ್ತಿಯಾಗಿದ್ದ, ತಿಮ್ಮಿ ಯಾರ ಆಸ್ತಿಯಾಗಿದ್ದಳು ಎಂದು ಕೇಳಿಕೊಳ್ಳಲಿಲ್ಲ. ಆ ಪ್ರಶ್ನೆ ಹುಟ್ಟಲು ಹತ್ತು ವರ್ಷ ಬೇಕಾಯಿತು. ನಾಯಿಯ ಕಥೆಯಲ್ಲಿ ಕಣ್ಣೀರು ಬೇಗ ಬರುತ್ತದೆ, ಬೇಗ ಬಂದ ಕಣ್ಣೀರು ಕೆಲವೊಮ್ಮೆ ಮನುಷ್ಯನನ್ನು ದಾಟಿಕೊಂಡು ಹೋಗಿಬಿಡುತ್ತದೆ. ನಮ್ಮ ಹಿರಿಯರು ಹೆದರಿದ್ದು ಇದಕ್ಕೇ ಇರಬೇಕು.

ಈಗ ಧಮ್ಮದ ಕಡೆಯಿಂದ ನೋಡೋಣ. ಜಾತಕಗಳಲ್ಲಿ 22ನೆಯದು *ಕುಕ್ಕುರ ಜಾತಕ*, ಅಂದರೆ ನಾಯಿಯ ಜಾತಕ. (ಆತ್ಮ ಒಂದು ದೇಹದಿಂದ ಇನ್ನೊಂದಕ್ಕೆ ಹೋಗುತ್ತದೆ ಎಂಬುದನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಹಾಗಾಗಿ ಇದನ್ನು ಹಿಂದಿನ ಜನ್ಮದ ಕಥೆಯಾಗಿ ಅಲ್ಲ, ನ್ಯಾಯದ ಕಥೆಯಾಗಿ ಓದೋಣ.)

ಕಾಶಿಯ ರಾಜ ಬ್ರಹ್ಮದತ್ತ ಉದ್ಯಾನಕ್ಕೆ ಹೋಗಿ ಬಂದ. ರಥವನ್ನು ಚರ್ಮದ ಪಟ್ಟಿಗಳ ಸಮೇತ ಅಂಗಳದಲ್ಲಿ ಬಿಟ್ಟರು. ರಾತ್ರಿ ಮಳೆ ಬಂತು, ಚರ್ಮ ನೆನೆಯಿತು. ಅರಮನೆಯೊಳಗೆ ಸಾಕಿದ ಜಾತಿನಾಯಿಗಳು ಅದನ್ನು ಕಡಿದು ತಿಂದವು. ಬೆಳಗ್ಗೆ ಸೇವಕರು, ಚರಂಡಿಯ ಕಂಡಿಯಿಂದ ಹೊರಗಿನ ನಾಯಿಗಳು ನುಗ್ಗಿ ತಿಂದಿವೆ ಎಂದು ವರದಿ ಒಪ್ಪಿಸಿದರು. ಕಂಡಲ್ಲಿ ನಾಯಿ ಕೊಲ್ಲಿ ಎಂದು ರಾಜ ಆಜ್ಞೆ ಮಾಡಿದ. ಉಳಿದ ನಾಯಿಗಳು ಸ್ಮಶಾನಕ್ಕೆ ಓಡಿದವು, ಅಲ್ಲಿ ಅವುಗಳ ಮುಂದಾಳು ಒಂದು ನಾಯಿ ಇತ್ತು. ಅದೇ ಬೋಧಿಸತ್ವ. ಅದು ಒಂದೇ ನಡೆದು ನ್ಯಾಯಸ್ಥಾನಕ್ಕೆ ಹೋಗಿ ರಾಜನ ಪೀಠದ ಕೆಳಗೆ ನುಗ್ಗಿತು. ಓಡಿಸಲು ಬಂದವರನ್ನು ರಾಜನೇ ತಡೆದ.

ನಾಯಿ ಕೇಳಿತು: ಚರ್ಮ ತಿಂದ ನಾಯಿ ಯಾವುದೆಂದು ನಿಮಗೆ ಗೊತ್ತೇ? ಗೊತ್ತಿಲ್ಲ. ಹಾಗಾದರೆ ಎಲ್ಲ ನಾಯಿಗಳನ್ನೂ ಕೊಲ್ಲುತ್ತಿದ್ದೀರಾ? ಇಲ್ಲ, ಅರಮನೆಯ ನಾಯಿಗಳಿಗೆ ಮಾಫಿ. ನ್ಯಾಯ ಹೇಳುವವರು ಮೋಹ, ದ್ವೇಷ, ಅಜ್ಞಾನ, ಭಯ ಈ ನಾಲ್ಕು ಅಡ್ಡದಾರಿ ಹಿಡಿಯಬಾರದು ಎಂದು ನಾಯಿ ರಾಜನಿಗೆ ಹೇಳಿತು. ಆಮೇಲೆ ಮಜ್ಜಿಗೆಯಲ್ಲಿ ದರ್ಭೆ ಕಲಸಿ ಅರಮನೆಯ ನಾಯಿಗಳಿಗೆ ಕುಡಿಸಲು ಹೇಳಿತು. ಕುಡಿಸಿದರು. ಚರ್ಮದ ಚೂರುಗಳು ವಾಂತಿಯಾಗಿ ಹೊರಗೆ ಬಂದವು. ಅಂದಿನಿಂದ ರಾಜ ಎಲ್ಲ ನಾಯಿಗಳಿಗೂ ದಿನವೂ ಊಟ ಏರ್ಪಾಡು ಮಾಡಿದ ಎಂದು ಕಥೆ ಹೇಳುತ್ತದೆ.

ಚರಂಡಿಯಿಂದ ಬಂದವರು ಎಂಬ ಆಪಾದನೆ ಯಾರ ಮೇಲೆ ಬೀಳುತ್ತದೆ ಎಂಬುದು ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ನಾನು ತೋರಿಸಬೇಕೆಂದಿರುವುದು ಇನ್ನೊಂದು. ಜಾತಕದ ಕಟ್ಟಡದಲ್ಲಿ ಮೊದಲು ಇಂದಿನ ಸಂಗತಿ ಬರುತ್ತದೆ, ನಂತರ ಹಿಂದಿನ ಕಾಲದ ಕಥೆ. ಪಾಲಿಯಲ್ಲಿ ಅದಕ್ಕೆ ಅತೀತವತ್ಥು ಎನ್ನುತ್ತಾರೆ. ಹಳೆಯ ಕಾಲದ ಕಥೆ ಹೇಳಿ ಇಂದಿನ ನ್ಯಾಯ ಕೇಳುವುದು ಭಿಕ್ಖುಗಳು ಎರಡು ಸಾವಿರ ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಈ ಕಥೆಯೊಳಗೆ ನ್ಯಾಯವೂ ಸಿಕ್ಕಿತು, ನಾಯಿಗೆ ಅನ್ನವೂ ಸಿಕ್ಕಿತು. ನಮ್ಮ ತಂಗಿ ಕೇಳಿದ್ದು ಇದನ್ನೇ ಅಲ್ಲವೇ?

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು ಎಲ್ಲ ಜೀವಿಗಳ ಮೇಲಿನ ದಯೆ, ಪೋಷಣೆಯ ಕುರಿತದ್ದು. *ಬುದ್ಧ ಮತ್ತು ಅವರ ಧಮ್ಮ*ದಲ್ಲಿ ಬಾಬಾಸಾಹೇಬರು ಕರುಣೆಗೂ ಮೈತ್ರಿಗೂ ವ್ಯತ್ಯಾಸ ಮಾಡುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ, ಅಷ್ಟಕ್ಕೇ ನಿಲ್ಲದೆ ಬುದ್ಧರು ಮೈತ್ರಿಯನ್ನು ಕಲಿಸಿದರು, ಅದು ಜೀವಿಗಳೆಲ್ಲದರ ಮೇಲಿನದು ಎನ್ನುತ್ತಾರೆ. ಒಂದನ್ನು ಕಳೆದು ಇನ್ನೊಂದಕ್ಕೆ ಕೂಡಿಸುವ ಲೆಕ್ಕ ಅಲ್ಲಿಲ್ಲ.

ಕಥೆಯ ಸಂಪಾದನೆಯಿಂದ ನಾಯಿಗೆ ನೆರವು ಎಂಬುದು ಹೊಸ ಮಾತೂ ಅಲ್ಲ. 2022ರಲ್ಲಿ ಕಿರಣ್‌ರಾಜ್ ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ *777 ಚಾರ್ಲಿ* ಬಂದಾಗ, ಲಾಭದಲ್ಲಿ ಶೇ. 5ರಷ್ಟನ್ನು ನಾಯಿಗಳಿಗಾಗಿ ದುಡಿಯುವ ಸಂಸ್ಥೆಗಳಿಗೆ ಕೊಡುವುದಾಗಿ ಚಿತ್ರತಂಡ ಪ್ರಕಟಿಸಿತು. ಗುತ್ತಿ ತೀರ್ಥಹಳ್ಳಿಯ ಕಾಡಿನಲ್ಲಿ ಅಲೆದ ಅದೇ 1893ರ ಹೊತ್ತಿಗೆ, ಕೆನಡಾದ ಮಾರ್ಗರೆಟ್ ಮಾರ್ಷಲ್ ಸಾಂಡರ್ಸ್ ಎಂಬ ಹೆಣ್ಣುಮಗಳು *ಬ್ಯೂಟಿಫುಲ್ ಜೋ* ಬರೆದಳು. ಯಜಮಾನ ಕಿವಿ, ಬಾಲ ಕತ್ತರಿಸಿದ್ದ ನಿಜವಾದ ಒಂದು ನಾಯಿಯ ಕಥೆ, ನಾಯಿಯ ಬಾಯಿಂದಲೇ ಹೇಳಿಸಿದ್ದು. ಪ್ರಾಣಿದಯೆಗಾಗಿ ದುಡಿಯುವ ಸಂಘವೊಂದರ ಸ್ಪರ್ಧೆಗೆ ಕಳಿಸಿದಳು, ಬಹುಮಾನ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು.

ದುಡ್ಡು ಬಂದರೆ ಎಲ್ಲಿ ಹಾಕಬೇಕು ಎಂಬುದನ್ನೂ ಯೋಚಿಸಬೇಕು. 2021ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಭದ್ರಾವತಿ ತಾಲ್ಲೂಕಿನ ಕಂಬದಾಳು ಹೊಸೂರಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತದ್ದು ಬಯಲಾಗಿ ಪೊಲೀಸ್ ಕೇಸಾಯಿತು. ಪತ್ರಿಕೆಯಲ್ಲಿ ಓದಿದ ದಿನ ನನಗೆ ಬ್ರಹ್ಮದತ್ತನ ಆಜ್ಞೆಯೇ ನೆನಪಾಯಿತು. ಹಾಗೆಂದು ಜನರ ಭಯ ಸುಳ್ಳಲ್ಲ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಶೇ. 99ರವರೆಗೆ ನಾಯಿ ಕಡಿತದಿಂದಲೇ ಬರುವುದು. ಕಡಿಸಿಕೊಳ್ಳುವವರು ಕಾರಿನಲ್ಲಿ ಓಡಾಡುವವರಲ್ಲ, ನಡೆದು ಶಾಲೆಗೆ ಹೋಗುವ ನಮ್ಮ ಮಕ್ಕಳು, ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರು. ಬಾಬಾಸಾಹೇಬರು ಅಹಿಂಸೆಯ ಬಗ್ಗೆ ಬರೆಯುವಾಗ ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅನಿವಾರ್ಯ ಬೇರೆ ಎಂದು ಬಿಡಿಸಿ ಹೇಳಿದ್ದಾರೆ. ಹುಚ್ಚು ಹಿಡಿದ ನಾಯಿಯ ವಿಷಯ ಬೇರೆ, ಊರಿನ ನಾಯಿಗಳನ್ನೆಲ್ಲ ಒಟ್ಟು ಹಾಕಿ ಮುಗಿಸುವುದು ಬೇರೆ. ನಾಯಿಗಳಲ್ಲಿ ಶೇ. 70ಕ್ಕೆ ಲಸಿಕೆ ಹಾಕಿದರೆ ರೋಗ ಹರಡುವುದು ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವುದು ಸ್ಥಳೀಯ ಸಂಸ್ಥೆಗಳ ಜವಾಬ್ದಾರಿ ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿದೆ. ಪಂಚಾಯಿತಿಗೆ ಅರ್ಜಿ ಹಾಕಿ ಬೆನ್ನು ಹತ್ತುವುದು ಮೊದಲ ಕೆಲಸ. ಪುಸ್ತಕದ ದುಡ್ಡು ಆಪರೇಷನ್ ಆದ ನಾಯಿಯ ನಾಲ್ಕು ದಿನದ ಆರೈಕೆಗೆ, ಗಾಡಿ ಬಾಡಿಗೆಗೆ ಆದೀತು. ಇಷ್ಟೆಲ್ಲ ಆಗುವವರೆಗೂ, ಯಾರಿಗಾದರೂ ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅರಿಶಿನ, ಸುಣ್ಣ ಬೇಡ.

ತಂಗಿಗೆ ನನ್ನ ಮಾತು ಇಷ್ಟು. ಬರಿ. ಸಾಗರದಲ್ಲಿದ್ದ ನಾ. ಡಿಸೋಜ ಅವರು ಶರಾವತಿಯಲ್ಲಿ ಮುಳುಗಿದವರ ಬದುಕನ್ನು *ಮುಳುಗಡೆ*, *ದ್ವೀಪ* ಕಾದಂಬರಿಗಳಲ್ಲಿ ಬರೆದು ಹೋದರು. ಪಹಣಿಯಲ್ಲಿ ಹೆಸರೇ ಇಲ್ಲದೆ ಒಡೆಯರ ತೋಟದಲ್ಲಿ ದುಡಿದವರು ನೀರು ಏರಿದಾಗ ಎಲ್ಲಿಗೆ ಹೋದರು, ಅವರ ಹಿಂದೆ ಯಾವ ನಾಯಿ ಹೋಯಿತು, ಅದನ್ನು ನಮ್ಮ ಕೇರಿಯೊಳಗಿಂದ ಬರೆಯುವುದು ಬಾಕಿ ಇದೆ. ನಾಯಿಯನ್ನು ಬರೆಯುವಾಗ ಅದರ ಹಗ್ಗ ಹಿಡಿದ ಕೈಯನ್ನು ಮರೆಯಬೇಡ, ಆ ಕೈಗೆ ಕೂಲಿ ಎಷ್ಟು ಸಿಗುತ್ತಿತ್ತು ಎಂಬುದನ್ನೂ ಬರಿ. ಪುಸ್ತಕದ ಹಣದಲ್ಲಿ ದೊಡ್ಡ ಪಾಲು ಮಕ್ಕಳ ಫೀಸಿಗೆ, ಸಣ್ಣ ಪಾಲು ನಾಯಿಗಳಿಗೆ, ಲೆಕ್ಕ ಎಲ್ಲರ ಮುಂದೆ ಗೋಡೆಗೆ ಅಂಟಿಸುವುದು. ಇದು ನನ್ನ ಅಭಿಪ್ರಾಯ, ಬೇರೆಯವರು ಬೇರೆ ಹೇಳಬಹುದು. ಏಪ್ರಿಲ್ 14, ಡಿಸೆಂಬರ್ 6ರ ಮೇಜಿನ ಮೇಲೆ ಪುಸ್ತಕ ಇಟ್ಟರೆ ನಮ್ಮ ಜನ ಕೊಳ್ಳುತ್ತಾರೆ. ನಾಗಪುರದ ದೀಕ್ಷಾಭೂಮಿಗೆ ಹೋಗಿ ಬಂದವರಿಗೆ ಗೊತ್ತು, ಅಲ್ಲಿಂದ ಮನೆಗೆ ಬರುವ ಚೀಲದಲ್ಲಿ ಪುಸ್ತಕ ಇದ್ದೇ ಇರುತ್ತದೆ.

ಬರುವ ಭಾನುವಾರ ಅವಳು ಮೊದಲ ಅಧ್ಯಾಯ ಓದುತ್ತಾಳೆ. ಅದಕ್ಕೂ ಮೊದಲು ಕುಕ್ಕುರ ಜಾತಕವನ್ನು ಎಲ್ಲರೂ ಒಮ್ಮೆ ಓದಿಕೊಂಡು ಬನ್ನಿ.

ಒಂದು ಮಾತು ಬಿಟ್ಟಿದ್ದೆ. ಮೊನ್ನೆ ರಾತ್ರಿ ಆ ಹಿರಿಯರು ಫೋನ್ ಮಾಡಿದ್ದರು. ಫೀಸಿನ ವಿಷಯ ಮತ್ತೆ ಎತ್ತಲಿಲ್ಲ. ಅವರಪ್ಪ ಜೀತಕ್ಕಿದ್ದಾಗ ರಾತ್ರಿ ಅಡಿಕೆ ಕಾಯಲು ಜೊತೆಗೆ ಹೋಗುತ್ತಿದ್ದ ನಾಯಿಯ ಹೆಸರು ಕರಿಯ ಅಂತೆ. "ಆ ಹುಡುಗಿ ಬರೀತಾಳಲ್ಲ, ಅದ್ರಾಗೆ ನಾಯಿಗೆ ಹೆಸ್ರು ಇಟ್ಟಾಗೈತಾ ಕೇಳು" ಅಂದರು.

ಜೈಭೀಮ್. ನಮೋ ಬುದ್ಧಾಯ.